ಎತ್ತರ ಕಡಿಮೆ ಇರುವವರಿಗೆ ಹಳೆಯ ಪದ್ಮಿನಿ, ಅಂಬಾಸಿಡರ್ ಕಾರು ಹೊಂದಿಸುವುದು ಹೇಗೆ?

ಮನೆಯ ಶೆಡ್ಡಿನಲ್ಲಿ ಅಪ್ಪನ ಕಾಲದ ಪದ್ಮಿನಿಯೋ ಅಂಬಾಸಿಡರೋ ಚೆನ್ನಾಗಿಯೇ ನಿಂತಿರುತ್ತದೆ. ಓಡಿಸಲು ಆಸೆ ಇರುವವರು ಐದಡಿ, ಇಲ್ಲವೇ ಅದಕ್ಕಿಂತ ಒಂದೆರಡು ಇಂಚು ಕಡಿಮೆ. ಕೂತರೆ ಸ್ಟೇರಿಂಗ್ ಸಂದಿಯಿಂದ ರಸ್ತೆ ನೋಡಬೇಕು, ಕ್ಲಚ್ ಪೂರ್ತಿ ಒತ್ತಲು ಸೀಟಿನಿಂದ ಜಾರಬೇಕು. ಆಗ ಎಲ್ಲರೂ ಮಾಡುವುದು ಎರಡೇ ಕೆಲಸ: ಕೆಳಗೊಂದು ದಿಂಬು ಇಡುವುದು, ಇಲ್ಲವೇ ಪೆಡಲ್‌ಗೆ ಮರದ ತುಂಡು ಕಟ್ಟಿಸುವುದು. ಎರಡೂ ತಪ್ಪು, ಎರಡೂ ಅಪಾಯ.

ಸರಿಯಾದ ಕ್ರಮ ಹೀಗೆ. ಮೊದಲು ಗಾಡಿಯಲ್ಲಿ ಸವೆದಿರುವುದನ್ನು ಸರಿಮಾಡಿ. ಆಮೇಲೆ ಸೀಟಿಗೆ ಕೈ ಹಾಕಿ. ಅದರಿಂದಲೂ ಸಾಲದೆ ಹೋದರೆ ಮಾತ್ರ, ಕೊನೆಗೆ, ಪೆಡಲ್. ತುಮಕೂರಿನಂಥ ಊರಿನಲ್ಲಿ ಇದಕ್ಕೆ ಬೇಕಾದವರೆಲ್ಲ ಸಿಗುತ್ತಾರೆ: ಒಬ್ಬ ಕುಶನ್ ಕೆಲಸದವರು, ಒಂದು ಲೇತ್ ಅಂಗಡಿ, ಹಳೇ ಗಾಡಿ ಬಲ್ಲ ಒಬ್ಬ ಮೆಕ್ಯಾನಿಕ್. ಆದರೆ ಅಳತೆ ನೀವೇ ತೆಗೆದುಕೊಂಡು ಹೋಗಬೇಕು. ಅವರ ಅಂದಾಜಿಗೆ ಬಿಟ್ಟರೆ ಸೀಟು ಅವರ ಎತ್ತರಕ್ಕೆ ತಯಾರಾಗುತ್ತದೆ.

ಮೊದಲು ಅಳತೆ

ಸಮತಟ್ಟು ಜಾಗದಲ್ಲಿ ಗಾಡಿ ನಿಲ್ಲಿಸಿ. ಓಡಿಸುವವರು ದಿನವೂ ಹಾಕುವ ಚಪ್ಪಟೆ ಅಡಿಯ ಶೂ ಹಾಕಿಕೊಂಡು, ಸೊಂಟವನ್ನು ಬೆನ್ನೊರಗಿಗೆ ಪೂರ್ತಿ ತಾಗಿಸಿ ಕೂರಲಿ. ಪಕ್ಕದಲ್ಲಿ ಇನ್ನೊಬ್ಬರು ಟೇಪು ಹಿಡಿದು ನಿಲ್ಲಲಿ. ಬರೆದುಕೊಳ್ಳಬೇಕಾದ್ದು ಇಷ್ಟು:

ಕ್ಲಚ್ ನೆಲಮುಟ್ಟ ಒತ್ತಿದಾಗ ಮಂಡಿ ಸ್ವಲ್ಪ ಬಗ್ಗಿಯೇ ಇರಬೇಕು. ಕಾಲು ನೆಟ್ಟಗಾದರೆ, ಅಥವಾ ಸೊಂಟ ಬೆನ್ನೊರಗಿನಿಂದ ಬಿಟ್ಟುಬಂದರೆ, ಎಷ್ಟು ಬಿಟ್ಟುಬಂತು ಎಂದು ಅಳೆಯಿರಿ. ನಿಮಗೆ ಬೇಕಾದ ‘ಮುಂದಕ್ಕೆ’ ಅಳತೆ ಅದೇ.

ಕಣ್ಣು ಸ್ಟೇರಿಂಗ್ ಚಕ್ರದ ಮೇಲಂಚಿಗಿಂತ ಕನಿಷ್ಠ 3 ಇಂಚು ಮೇಲಿರಬೇಕು. ಕಡಿಮೆ ಇದ್ದಷ್ಟು ನಿಮ್ಮ ‘ಮೇಲಕ್ಕೆ’ ಅಳತೆ.

ಎದೆಮೂಳೆಯಿಂದ ಸ್ಟೇರಿಂಗ್ ನಡುವಿನ ಹಾರ್ನ್ ಗುಂಡಿಗೆ 25 ಸೆಂ.ಮೀ. ಅಂತರ ಉಳಿಯಬೇಕು. ಆ ಕಾಲದ ಬಹುತೇಕ ಗಾಡಿಗಳಲ್ಲಿ ಡಿಕ್ಕಿಯಾದಾಗ ಕುಗ್ಗುವ ಸ್ಟೇರಿಂಗ್ ಕಾಲಂ ಇಲ್ಲ, ಏರ್‌ಬ್ಯಾಗಂತೂ ಇಲ್ಲವೇ ಇಲ್ಲ. ಮುಂದಕ್ಕೆ ಬಂದಷ್ಟೂ ಎದೆ ಕಬ್ಬಿಣದ ಸರಳಿಗೆ ಹತ್ತಿರವಾಗುತ್ತದೆ. ಈ ಒಂದು ಅಳತೆಯಲ್ಲಿ ರಾಜಿ ಬೇಡ.

ಸೀಟಿನ ಮುಂದಿನ ಅಂಚಿಗೂ ಮಂಡಿಯ ಹಿಂಬದಿಗೂ ನಡುವೆ ಎರಡು ಮೂರು ಬೆರಳು ಆಡಬೇಕು. ತಲೆಗೂ ಚಾವಣಿ ಬಟ್ಟೆಗೂ ನಾಲ್ಕು ಬೆರಳು.

ಕೊನೆಯದಾಗಿ, ಕೂತವರ ಕಣ್ಣಿಗೆ ಬಂಪರಿನಿಂದ ಎಷ್ಟು ದೂರದ ನೆಲ ಮೊದಲು ಕಾಣುತ್ತದೆ ನೋಡಿ. ಒಬ್ಬರು ಒಂದು ಇಟ್ಟಿಗೆಯನ್ನು ಮುಂದೆ ಸರಿಸುತ್ತಾ ಹೋಗಲಿ. ಕಂಡ ಜಾಗದಲ್ಲಿ ಸುಣ್ಣದ ಗೆರೆ ಎಳೆಯಿರಿ. ಕೆಲಸ ಮುಗಿದ ಮೇಲೆ ಇದೇ ಗೆರೆಯೊಂದಿಗೆ ಹೋಲಿಸಬಹುದು. ಬಣ್ಣ ಬಳಿಯದ ಹಂಪ್ಸ್, ಸುಗ್ಗಿಯಲ್ಲಿ ರಸ್ತೆ ಮೇಲೆ ಒಕ್ಕಣೆಗೆ ಹರಡಿದ ರಾಗಿ, ಹುರುಳಿ ಇವೆಲ್ಲ ನಮ್ಮ ಕಡೆ ದಿನನಿತ್ಯದ ಮಾತು. ಅಂಬಾಸಿಡರಿನ ಉಬ್ಬಿದ ಬಾನೆಟ್ ಹಿಂದೆ ತಗ್ಗಿನಲ್ಲಿ ಕೂತವರಿಗೆ ಇವು ಬಹಳ ತಡವಾಗಿ ಕಾಣುತ್ತವೆ.

ಸವೆದದ್ದು ಸರಿಮಾಡಿ, ಅರ್ಧ ಕೆಲಸ ಮುಗಿಯುತ್ತದೆ

ಹಳೆಯ ಸೀಟುಗಳ ಒಳಗೆ ಉಕ್ಕಿನ ಸ್ಪ್ರಿಂಗ್, ಅದರ ಮೇಲೆ ತೆಂಗಿನ ನಾರು ಅಥವಾ ಗೋಣಿ, ಅದರ ಮೇಲೆ ಹತ್ತಿ ಇಲ್ಲವೇ ತೆಳು ಫೋಮ್ ಇರುತ್ತದೆ. ದಶಕಗಳ ಕಾಲ ಚಾಲಕರ ಭಾರ ಹೊತ್ತ ಕಡೆ ಸ್ಪ್ರಿಂಗ್ ಕುಸಿದು, ನಾರು ಪುಡಿಯಾಗಿರುತ್ತದೆ. ಬೆಂಚ್ ಸೀಟಿನ ಎಡಬದಿಯನ್ನೂ ಬಲಬದಿಯನ್ನೂ ಒಂದು ನೇರ ಪಟ್ಟಿ ಇಟ್ಟು ಹೋಲಿಸಿ ನೋಡಿ. ಚಾಲಕರ ಬದಿ ಒಂದೂವರೆ ಇಂಚು ತಗ್ಗಿದ್ದರೆ ಆಶ್ಚರ್ಯವಿಲ್ಲ. ಆ ಎತ್ತರವನ್ನು ಗಾಡಿ ಕಳೆದುಕೊಂಡಿದೆ, ಅದನ್ನು ವಾಪಸ್ ತರಬೇಕು, ಅಷ್ಟೆ. ಮುರಿದ ಸ್ಪ್ರಿಂಗ್ ಬದಲಿಸಿ, ಸ್ಪ್ರಿಂಗಿನ ಮೇಲೆ ದಪ್ಪ ಕ್ಯಾನ್ವಾಸ್ ಹೊಲಿಸಿ, ಅದರ ಮೇಲೆ ಹೊಸ ಪದರ ಹಾಕಿಸಿ.

ಪೆಡಲ್‌ನದೂ ಇದೇ ಕಥೆ. ಕ್ಲಚ್ ಕೊಂಡಿಗಳ ಬುಷ್, ಪಿನ್ ಸವೆದಿದ್ದರೆ ಪೆಡಲ್‌ನ ಮೊದಲ ಒಂದೆರಡು ಇಂಚು ಸುಮ್ಮನೆ ಖಾಲಿ ಹೋಗುತ್ತದೆ. ಉದ್ದ ಕಾಲಿನವರಿಗೆ ಅದು ಗೊತ್ತೇ ಆಗುವುದಿಲ್ಲ. ಗಿಡ್ಡ ಕಾಲಿನವರಿಗೆ ಕೊನೆಯ ಇಂಚೇ ಎಟುಕುವುದಿಲ್ಲ. ಪಿನ್, ಬುಷ್ ಬದಲಿಸಿ, ಕೇಬಲ್ ಇದ್ದರೆ ಹೊಸದು ಹಾಕಿ, ಹೈಡ್ರಾಲಿಕ್ ಇದ್ದರೆ ಗಾಳಿ ತೆಗೆಸಿ, ಫ್ರೀ ಪ್ಲೇಯನ್ನು (ಕ್ಲಚ್ ಹಿಡಿಯುವ ಮುಂಚಿನ ಖಾಲಿ ಓಟವನ್ನು) ಗಾಡಿಯ ಕೈಪಿಡಿಯ ಅಳತೆಗೆ ಹೊಂದಿಸಿ. ಕೈಪಿಡಿ ಕಳೆದಿದ್ದರೆ ಪೆಡಲ್ ತುದಿಯಲ್ಲಿ 20 ಮಿ.ಮೀ. ಆಸುಪಾಸು ಇಟ್ಟು, ಗೊತ್ತಿರುವ ಮೆಕ್ಯಾನಿಕ್ ಕೈಲಿ ಪರೀಕ್ಷೆ ಮಾಡಿಸಿ. ಫ್ರೀ ಪ್ಲೇ ಪೂರ್ತಿ ತೆಗೆದುಬಿಟ್ಟರೆ ಕಾಲಿಗೆ ಬೇಗ ಸಿಗುತ್ತದೆ ಎಂದು ಕೆಲವರು ಬಿಗಿ ಮಾಡಿಸುತ್ತಾರೆ. ಹಾಗೆ ಮಾಡಿದರೆ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್ ಸದಾ ಒತ್ತಿಕೊಂಡೇ ಇರುತ್ತದೆ. ಹಳೆಯ ಅಂಬಾಸಿಡರಿನಲ್ಲಿ ಅದು ಕಾರ್ಬನ್ ಬೇರಿಂಗ್, ತೇಯ್ದೇ ಮುಗಿಯುತ್ತದೆ.

ನೆಲದ ಮ್ಯಾಟ್‌ಗಳನ್ನು ಎತ್ತಿ ನೋಡುವುದು ಮರೆಯಬೇಡಿ. ಒಂದರ ಮೇಲೊಂದು ಎರಡು ಮೂರು ಮ್ಯಾಟ್ ಇದ್ದರೆ ಕ್ಲಚ್ಚಿನ ಓಟ ಅಲ್ಲೇ ತಡೆಯಾಗಿರುತ್ತದೆ. ಮ್ಯಾಟಿನ ಕೆಳಗೆ ತುಕ್ಕು ಹಿಡಿದಿದೆಯೇ ಎಂದು ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ. ಸದ್ದು ಮಂದವಾಗಿ ಬಂದ ಕಡೆ ತಗಡು ತಿಂದುಹೋಗಿದೆ ಎಂದರ್ಥ. ಅಂಥ ನೆಲಕ್ಕೆ ಸೀಟು ಬಿಗಿಯುವ ಮುಂಚೆ ಟಿಂಕರಿಂಗ್ ಆಗಲೇಬೇಕು.

ಸೀಟು

ಇಲ್ಲಿ ಒಂದು ತೊಡಕಿದೆ, ಬಹಳ ಜನ ಇದನ್ನು ಗಮನಿಸುವುದಿಲ್ಲ. ಸೀಟು ಎತ್ತರಿಸಿದರೆ ಪೆಡಲ್ ದೂರವಾಗುತ್ತದೆ. ಸೊಂಟದಿಂದ ಪೆಡಲ್‌ಗೆ ಅಡ್ಡಲಾಗಿ 80 ಸೆಂ.ಮೀ., ಕೆಳಕ್ಕೆ 25 ಸೆಂ.ಮೀ. ಇದೆ ಎನ್ನಿ. ಓರೆಯಾಗಿ ಅಳೆದರೆ ಸುಮಾರು 84 ಸೆಂ.ಮೀ. ಸೀಟನ್ನು 5 ಸೆಂ.ಮೀ. ಎತ್ತರಿಸಿದರೆ ಅದೇ ಓರೆ ಅಳತೆ 85 ದಾಟುತ್ತದೆ. ಹಾಗಾಗಿ 5 ಸೆಂ.ಮೀ. ಮೇಲಕ್ಕೆ ಹೋದವರು ಹೆಚ್ಚುಕಡಿಮೆ 2 ಸೆಂ.ಮೀ. ಹೆಚ್ಚುವರಿಯಾಗಿ ಮುಂದಕ್ಕೂ ಬರಬೇಕು. ಎರಡನ್ನೂ ಒಟ್ಟಿಗೆ ಲೆಕ್ಕ ಹಾಕಿ, ಒಂದೇ ಸಲ ಮಾಡಿಸಿ.

ಎತ್ತರಿಸುವಾಗ ಹಿಂಬದಿಯನ್ನು ಹೆಚ್ಚು, ಮುಂಬದಿಯನ್ನು ಕಡಿಮೆ ಎತ್ತರಿಸಿ. ಹಿಂದೆ 40 ಮಿ.ಮೀ., ಮುಂದೆ 25 ಮಿ.ಮೀ. ಒಳ್ಳೆಯ ಆರಂಭ. ಮುಂದಿನ ಅಂಚು ಎತ್ತರವಾದರೆ ತೊಡೆ ಅದಕ್ಕೆ ಒತ್ತಿಕೊಂಡು ಕಾಲು ಕೆಳಗೆ ಇಳಿಯುವುದೇ ಇಲ್ಲ, ಅರ್ಧ ಗಂಟೆಗೆ ಪಾದ ಜೋಮು ಹಿಡಿಯುತ್ತದೆ. ಆದರೆ ಹಿಂಬದಿಯನ್ನು ತೀರಾ ಎತ್ತಿದರೂ ಆಗದು. ಬ್ರೇಕ್ ಹಾಕಿದಾಗ ಮೈ ಮುಂದಕ್ಕೆ ಜಾರುತ್ತದೆ.

ಇದನ್ನು ಎರಡು ರೀತಿಯಲ್ಲಿ ಮಾಡಬಹುದು. ಒಂದೂವರೆ ಇಂಚಿನೊಳಗೆ ಸಾಕಾದರೆ ಕುಶನ್‌ನಲ್ಲೇ ಮುಗಿಸಿ. ಕುಶನ್ ಅಂಗಡಿಯಲ್ಲಿ ‘ಮೆತ್ತಗಿರಲಿ ಅಣ್ಣಾ’ ಎನ್ನಬೇಡಿ. ಕೆಳಪದರಕ್ಕೆ ರೀಬಾಂಡೆಡ್ ಫೋಮ್, ಅಂದರೆ ಚೂರುಗಳನ್ನು ಒತ್ತಿ ಮಾಡಿದ ಬಣ್ಣ ಬಣ್ಣದ ಗಟ್ಟಿ ಫೋಮ್ ಹಾಕಿಸಿ. ಮೇಲಿನ ಒಂದು ಇಂಚಿಗೆ 40 ಡೆನ್ಸಿಟಿ ಫೋಮ್. ಮೆತ್ತನೆಯ ಫೋಮ್ ಅಂಗಡಿಯಲ್ಲಿ ಎತ್ತರ ಕಾಣುತ್ತದೆ, ಕೂತ ಕೂಡಲೇ ಕುಸಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಡಿಕ್ಕಿಯಾದಾಗ ಮೈ ಅದರೊಳಗೆ ಹೂತು ಸೊಂಟದ ಬೆಲ್ಟಿನ ಕೆಳಗೆ ನುಸುಳಿಹೋಗುತ್ತದೆ, ಬೆಲ್ಟ್ ಹೊಟ್ಟೆಯನ್ನು ಕತ್ತರಿಸುತ್ತದೆ. ಬಿಡಿಯಾಗಿ ಇಡುವ ದಿಂಬು ಬೇಡ ಎನ್ನುವುದೂ ಇದಕ್ಕೇ. ಮುಂದಿನ ಅಂಚಿನ ಫೋಮನ್ನು ಒಂದು ಇಂಚು ಹಿಂದಕ್ಕೆ ಕತ್ತರಿಸಿ ಇಳಿಜಾರಾಗಿ ದುಂಡಗೆ ಮಾಡಿಸಿದರೆ ಗಿಡ್ಡ ತೊಡೆಯವರಿಗೆ ತುಂಬಾ ಸುಖ. ಮೇಲಿನ ಹೊದಿಕೆ ನುಣುಪು ರೆಕ್ಸಿನ್‌ಗಿಂತ ಬಟ್ಟೆ ಅಥವಾ ಏಣುಗಳಿರುವ ರೆಕ್ಸಿನ್ ಇರಲಿ.

ಅದಕ್ಕಿಂತ ಹೆಚ್ಚು ಬೇಕಾದರೆ ರೈಲಿನ, ಅಂದರೆ ಸೀಟು ಹಿಂದೆ ಮುಂದೆ ಜಾರುವ ಹಳಿಯ, ಕೆಳಗೆ ಎತ್ತರಿಸಬೇಕು. ಸೀಟಿನ ಎರಡೂ ರೈಲಿನ ಕೆಳಗೆ, ರೈಲಿನಷ್ಟೇ ಉದ್ದಕ್ಕೆ, 3 ಮಿ.ಮೀ. ದಪ್ಪದ ಚೌಕ ಕಬ್ಬಿಣದ ಪೈಪ್ ಇಡಿ. ಬೋಲ್ಟು ಹಾದುಹೋಗುವ ಕಡೆ ಪೈಪಿನೊಳಗೆ ಚಿಕ್ಕ ಕೊಳವೆ ಕೂರಿಸಿ ವೆಲ್ಡ್ ಮಾಡಿಸಿ. ಇಲ್ಲದಿದ್ದರೆ ಬಿಗಿದಾಗ ಪೈಪ್ ಚಪ್ಪಟೆಯಾಗಿ ಬೋಲ್ಟು ಸಡಿಲವಾಗುತ್ತದೆ. ನಾಲ್ಕು ಮೂಲೆಗೆ ವಾಷರ್ ಪೇರಿಸಿ, ಉದ್ದ ಬೋಲ್ಟು ಹಾಕಿ ಎತ್ತರಿಸುವುದನ್ನು ಅನೇಕ ಗಾಡಿಗಳಲ್ಲಿ ಕಾಣಬಹುದು. ಆಗ ಸೀಟಿನ ಪೂರ್ತಿ ಭಾರ ಬೋಲ್ಟನ್ನು ಬಗ್ಗಿಸುತ್ತದೆ, ಜೋರಾಗಿ ಬ್ರೇಕ್ ಹಾಕಿದ ದಿನ ಅದು ಮುರಿಯುತ್ತದೆ.

ಸೀಟು ಇನ್ನೂ ಮುಂದಕ್ಕೆ ಬರಬೇಕಿದ್ದರೆ 6 ಮಿ.ಮೀ. ದಪ್ಪ, 40 ಮಿ.ಮೀ. ಅಗಲದ ಕಬ್ಬಿಣದ ಪಟ್ಟಿಯಲ್ಲಿ ಎರಡು ಸಾಲು ತೂತು ಮಾಡಿಸಿ: ಒಂದು ಸಾಲು ನೆಲದ ಮೂಲ ತೂತುಗಳಿಗೆ, ಇನ್ನೊಂದು ಸಾಲು 50 ಮಿ.ಮೀ. ಮುಂದಕ್ಕೆ, ರೈಲಿಗೆ. ನೆಲದಲ್ಲಿ ಹೊಸ ತೂತು ಕೊರೆಯಬೇಡಿ, ರೈಲಿಗೆ ನೇರವಾಗಿ ವೆಲ್ಡ್ ಮಾಡಬೇಡಿ. ಬಿಸಿಗೆ ರೈಲು ಸೊಟ್ಟಗಾಗಿ ಲಾಕ್ ಸರಿಯಾಗಿ ಕೂರುವುದಿಲ್ಲ. ನೆಲದ ಕೆಳಗಿನಿಂದ ನಟ್ಟು ಬರುವ ಕಡೆ 50 ಮಿ.ಮೀ. ಚೌಕದ, 3 ಮಿ.ಮೀ. ದಪ್ಪದ ತಗಡು ಕೊಡಿ.

ಬೋಲ್ಟಿನ ವಿಷಯದಲ್ಲಿ ಎಚ್ಚರ. ಪದ್ಮಿನಿ ಇಟಲಿಯ ಫಿಯೆಟ್ ಮೂಲದ್ದು, ಮಿ.ಮೀ. ಲೆಕ್ಕದ ಬೋಲ್ಟು. ಅಂಬಾಸಿಡರ್ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂಲದ್ದು, ಹಳೆಯ ಗಾಡಿಗಳಲ್ಲಿ ಇಂಚಿನ ಲೆಕ್ಕ. 5/16 ಇಂಚಿನ ಬೋಲ್ಟು 7.94 ಮಿ.ಮೀ., ಎಂ8 ಬೋಲ್ಟು 8 ಮಿ.ಮೀ. ಕಣ್ಣಿಗೆ ಒಂದೇ ಥರ ಕಾಣುತ್ತವೆ, ಆದರೆ ಮರೆ (ತಿರುಪಿನ ಸುರುಳಿ ಗೆರೆ, ಥ್ರೆಡ್) ಬೇರೆ ಬೇರೆ. ಒಂದರ ಜಾಗಕ್ಕೆ ಇನ್ನೊಂದನ್ನು ತಿರುಗಿಸಿದರೆ ಎರಡು ಸುತ್ತು ಹೋಗಿ ಬಿಗಿಯಾದಂತೆ ಅನಿಸುತ್ತದೆ, ಒಳಗೆ ಮರೆ ಕಿತ್ತುಹೋಗಿರುತ್ತದೆ. ಹಳೆಯ ಬೋಲ್ಟನ್ನೇ ಅಂಗಡಿಗೆ ಒಯ್ದು ಹೊಂದಿಸಿ ತನ್ನಿ. ಎಂ8 ಆದರೆ ತಲೆಯ ಮೇಲೆ 8.8 ಎಂದು ಅಚ್ಚಾಗಿರುವ ಹೈ ಟೆನ್ಸೈಲ್ ಬೋಲ್ಟನ್ನೇ ಕೇಳಿ, ಜೊತೆಗೆ ನೈಲಾಕ್ ನಟ್ಟು, ಅಂದರೆ ಸಡಿಲವಾಗದಂತೆ ಒಳಗೆ ನೈಲಾನ್ ಬಳೆ ಇರುವ ನಟ್ಟು.

ಬೆಂಚ್ ಸೀಟಿನವರಿಗೆ ಇನ್ನೊಂದು ಪೇಚು. ಸೀಟು ಮುಂದೆ ಎಳೆದರೆ ಪಕ್ಕದಲ್ಲಿ ಕೂರುವವರ ಮಂಡಿ ಡ್ಯಾಶ್‌ಗೆ ತಾಗುತ್ತದೆ. ಅದರ ಬದಲು ಚಾಲಕರ ಕಡೆ ಮಾತ್ರ 50ರಿಂದ 75 ಮಿ.ಮೀ. ದಪ್ಪದ ಗಟ್ಟಿ ಬೆನ್ನು ಕುಶನ್ ಮಾಡಿಸಿ. ಹಿಂಬದಿಗೆ 6 ಮಿ.ಮೀ. ಪ್ಲೈವುಡ್, ಅದರ ಮೇಲೆ ರೀಬಾಂಡೆಡ್ ಫೋಮ್, ಸೊಂಟದ ಹತ್ತಿರ ಸ್ವಲ್ಪ ಉಬ್ಬು. ಎರಡು ಅಗಲ ಪಟ್ಟಿಗಳಿಂದ ಬೆನ್ನೊರಗಿಗೆ ಸುತ್ತಿ ಬಕಲ್ ಹಾಕಿಸಿ. ಅದೇ ಗಾಡಿಯನ್ನು ಮನೆಯಲ್ಲಿ ಎತ್ತರದವರೂ ಓಡಿಸುವುದಾದರೆ ನಮ್ಮ ಪ್ರಕಾರ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಅರ್ಧ ನಿಮಿಷದಲ್ಲಿ ಬಿಚ್ಚಬಹುದು, ಗಾಡಿಯ ಮೂಲ ರೂಪಕ್ಕೂ ಧಕ್ಕೆ ಇಲ್ಲ.

ಪೆಡಲ್, ಬೇಕೇ ಬೇಕಿದ್ದರೆ

ಸೀಟಿನ ಕೆಲಸ ಮುಗಿಸಿ ಒಂದು ವಾರ ಓಡಿಸಿ. ಇನ್ನೂ ಕ್ಲಚ್ಚಿನ ಕೊನೆ ಎಟುಕುತ್ತಿಲ್ಲ, ಅಥವಾ ಎದೆಗೂ ಸ್ಟೇರಿಂಗಿಗೂ 25 ಸೆಂ.ಮೀ. ಉಳಿಯುತ್ತಿಲ್ಲ ಎಂದಾದರೆ ಮಾತ್ರ ಪೆಡಲ್ ದಪ್ಪ ಮಾಡಿಸಬೇಕು.

ಪೆಡಲ್ ಕೋಲನ್ನು ಕಾಯಿಸಿ ಬಗ್ಗಿಸಲು ಯಾರು ಹೇಳಿದರೂ ಒಪ್ಪಬೇಡಿ. ಕಾಯಿಸಿದ ಕಡೆ ಕಬ್ಬಿಣದ ಗುಣ ಕೆಡುತ್ತದೆ. ಬ್ರೇಕ್ ಪೆಡಲ್ ಮುರಿಯುವುದು ಯಾವಾಗ ಎಂದರೆ ಜೀವ ಹಿಡಿದು ತುಳಿದಾಗಲೇ.

ಪೆಡಲ್‌ನ ರಬ್ಬರ್ ತೆಗೆದು, ಲೋಹದ ಮುಖದ ಅಳತೆಗೆ ಸರಿಯಾಗಿ ಲೇತ್ ಅಂಗಡಿಯಲ್ಲಿ ಅಲ್ಯೂಮಿನಿಯಂ ಬ್ಲಾಕ್ ಮಾಡಿಸಿ. 60 × 50 × 25 ಮಿ.ಮೀ. ಬ್ಲಾಕ್ ಸುಮಾರು 200 ಗ್ರಾಂ ತೂಗುತ್ತದೆ. ಅದೇ ಅಳತೆಯ ಕಬ್ಬಿಣ 600 ಗ್ರಾಂ ಹತ್ತಿರ. ತೂಕ ಹೆಚ್ಚಾದರೆ ಪೆಡಲ್ ತನ್ನಷ್ಟಕ್ಕೆ ವಾಪಸ್ ಬರುವುದಿಲ್ಲ: ಕ್ಲಚ್ ಅರ್ಧ ಒತ್ತಿಕೊಂಡು ಉಜ್ಜುತ್ತದೆ, ಬ್ರೇಕ್ ಲೈಟು ಸದಾ ಉರಿಯುತ್ತದೆ. ಮರ ಬೇಡ. ಬೇಸಿಗೆಯಲ್ಲಿ ಒಣಗಿ ಕುಗ್ಗಿ ಬೋಲ್ಟು ಸಡಿಲವಾಗುತ್ತದೆ, ಮಳೆಗಾಲದಲ್ಲಿ ಉಬ್ಬಿ ಸೀಳುತ್ತದೆ.

ಬ್ಲಾಕನ್ನು ಪೆಡಲ್ ಹಿಂದೆ 4 ಮಿ.ಮೀ. ತಗಡು ಕೊಟ್ಟು, ಎರಡು ಎಂ6 ಬೋಲ್ಟಿನಿಂದ, ನೈಲಾಕ್ ನಟ್ಟು ಹಾಕಿ ಹಿಡಿಸಬೇಕು. ಪೆಡಲ್ ಮುಖಕ್ಕೆ ತೂತು ಹಾಕದೆ, ಮುಖದ ಅಂಚುಗಳ ಹೊರಗಿನಿಂದ ಬೋಲ್ಟು ಹಾಯಿಸಿ ಹಿಂದಿನ ತಗಡಿಗೆ ಕಚ್ಚಿಸಿದರೆ ಒಳ್ಳೆಯದು, ಬೇಡವಾದಾಗ ಬಿಚ್ಚಬಹುದು. ಒಂದೇ ಬೋಲ್ಟು ಹಾಕಿದರೆ ಬ್ಲಾಕ್ ತಿರುಗುತ್ತದೆ. ಮೇಲ್ಮುಖಕ್ಕೆ ಗೀರುಗಳಿರುವ ರಬ್ಬರ್ ಅಂಟಿಸಿ, ನಾಲ್ಕು ಮೂಲೆಗೆ ರಿವೆಟ್ ಹೊಡೆಸಿ. ದಪ್ಪ 25 ಮಿ.ಮೀ. ಸಾಕು, 40 ದಾಟಿದರೆ ಪಾದದ ಒತ್ತಡ ಓರೆಯಾಗಿ ಬಿದ್ದು ಪೆಡಲ್ ತಿರುಚುತ್ತದೆ.

ಕ್ಲಚ್, ಬ್ರೇಕ್ ಎರಡಕ್ಕೂ ಒಂದೇ ದಪ್ಪ ಇರಲಿ. ಆಕ್ಸಲರೇಟರಿಗೆ ಅದಕ್ಕಿಂತ ತೆಳ್ಳಗೆ. ಬ್ರೇಕ್ ಮಾತ್ರ ಎತ್ತರವಾಗಿ ಆಕ್ಸಲರೇಟರ್ ತೀರಾ ಕೆಳಗುಳಿದರೆ, ಒಂದರಿಂದ ಇನ್ನೊಂದಕ್ಕೆ ಹೋಗಲು ಪಾದ ಪೂರ್ತಿ ಎತ್ತಬೇಕು. ಆ ಅರೆಕ್ಷಣದಲ್ಲಿ ಗಾಡಿ ಎಷ್ಟೋ ಮುಂದೆ ಹೋಗಿರುತ್ತದೆ.

ಪೆಡಲ್ ನಿಮ್ಮ ಕಡೆ ಬಂದರೂ ನೆಲ ಅಲ್ಲೇ ಇರುತ್ತದೆ. ಹಿಮ್ಮಡಿ ಗಾಳಿಯಲ್ಲಿ ತೇಲುತ್ತದೆ, ಕಾಲು ದಣಿದು ಕ್ಲಚ್ ಮೇಲೇ ಒರಗುತ್ತದೆ, ಪ್ಲೇಟು ಸುಡುತ್ತದೆ. ಆದ್ದರಿಂದ ಹಿಮ್ಮಡಿ ಊರುವ ಜಾಗಕ್ಕೆ 18 ಮಿ.ಮೀ. ಪ್ಲೈವುಡ್ ಹಲಗೆ ಬೇಕು, ಮೇಲೆ ರಬ್ಬರ್ ಶೀಟು, ಕೆಳಗೆ ಎರಡು ಕಡೆ ಬೋಲ್ಟು. ಈ ಹಲಗೆ ಪೆಡಲ್‌ಗಳ ಕೆಳಗೆ ಹೋಗಲೇಬಾರದು. ಹಳೆಯ ಗಾಡಿಗಳಲ್ಲಿ ಬ್ರೇಕ್ ಒಂದೇ ಸರ್ಕ್ಯೂಟ್, ಅಂದರೆ ನಾಲ್ಕೂ ಚಕ್ರಕ್ಕೆ ಆಯಿಲ್ ಒತ್ತಡ ಹೋಗುವುದು ಒಂದೇ ದಾರಿಯಿಂದ. ಒತ್ತಡ ಕಡಿಮೆಯಾದ ದಿನ ಪೆಡಲ್ ಕೊನೆಯವರೆಗೂ ಹೋಗುತ್ತದೆ, ಆ ಕೊನೆಯ ಇಂಚಿನಲ್ಲಿ ಸಿಗುವಷ್ಟು ಬ್ರೇಕನ್ನು ಹಲಗೆ ತಡೆಯಬಾರದು. ನೆಲದೊಳಗಿನಿಂದ ಮೇಲೆದ್ದು ಬರುವ ಪೆಡಲ್‌ಗಳಿದ್ದರೆ ಕೋಲು ಆಡುವ ಸಂದಿಗೆ ಹಲಗೆ ತಾಗದಂತೆ ಹೆಚ್ಚು ಎಚ್ಚರ ಬೇಕು.

ಸ್ಟೇರಿಂಗ್, ಗೇರು, ಕನ್ನಡಿ

ಚಿಕ್ಕ ಸ್ಟೇರಿಂಗ್ ಚಕ್ರ ಹಾಕಿದರೆ ಮಂಡಿಗೆ ಜಾಗ ಸಿಗುತ್ತದೆ, ನಿಜ. ಆದರೆ ಪವರ್ ಸ್ಟೇರಿಂಗ್ ಇಲ್ಲದ ಗಾಡಿಯಲ್ಲಿ 40 ಸೆಂ.ಮೀ. ಚಕ್ರದ ಬದಲು 36 ಸೆಂ.ಮೀ. ಹಾಕಿದರೆ ತೋಳಿಗೆ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ಬಲ ಬೇಕು. ಮೂಲ ಚಕ್ರವನ್ನೇ ಇಟ್ಟುಕೊಂಡು ಭಾರ ಕಡಿಮೆ ಮಾಡುವ ದಾರಿ ನೋಡಿ: ಟೈರಿನ ಗಾಳಿ ಕೈಪಿಡಿಯಲ್ಲಿ ಹೇಳಿದಷ್ಟೇ ಇರಲಿ, ಮುಂದಿನ ಚಕ್ರಗಳು ಎಡಬಲಕ್ಕೆ ತಿರುಗಲು ಆಧಾರವಾದ ಕಿಂಗ್ ಪಿನ್ನಿನ ಗ್ರೀಸ್ ನಿಪ್ಪಲ್‌ಗಳಿಗೆ ಹೊಸ ಗ್ರೀಸ್ ಹೊರಗೆ ಬರುವಷ್ಟು ಹೊಡೆಸಿ. ಗ್ರೀಸ್ ಗನ್ ಹಿಡಿದ ಹುಡುಗ ಅವಸರದಲ್ಲಿ ಒಂದೆರಡು ನಿಪ್ಪಲ್ ಬಿಟ್ಟಿರುತ್ತಾನೆ, ಪಕ್ಕದಲ್ಲಿ ನಿಂತು ಎಣಿಸಿ.

ಸ್ಟೇರಿಂಗ್ ಬದಿಯ ಗೇರಿನವರಿಗೆ ಹೆಚ್ಚು ತೊಂದರೆ ಇಲ್ಲ. ನೆಲದ ಗೇರಾದರೆ ಸೀಟು ಮುಂದೆ ಬಂದ ಮೇಲೆ ಎರಡು, ನಾಲ್ಕನೇ ಗೇರು ಹಾಕುವಾಗ ಮೊಣಕೈ ಬೆನ್ನೊರಗಿಗೆ ತಾಗುತ್ತದೆಯೇ ನೋಡಿ. ಹ್ಯಾಂಡ್‌ಬ್ರೇಕ್ ಬೆಲ್ಟ್ ಹಾಕಿಕೊಂಡೇ ಎಟುಕಬೇಕು.

ಮುಂದೆ ಸರಿದು ಕೂತವರಿಗೆ ಬಾಗಿಲ ಕನ್ನಡಿ ತೀರಾ ಪಕ್ಕಕ್ಕೆ ಬಂದಿರುತ್ತದೆ. ಅದನ್ನು ಮುಂದಿನ ಕಂಬದ ಹತ್ತಿರಕ್ಕೆ ಸರಿಸಿ, ಎಡಗಡೆ ಕನ್ನಡಿ ಇಲ್ಲದಿದ್ದರೆ ಹಾಕಿಸಿ.

1994ಕ್ಕಿಂತ ಹಿಂದಿನ ಬಹಳಷ್ಟು ಗಾಡಿಗಳಲ್ಲಿ ಸೀಟ್ ಬೆಲ್ಟೇ ಇಲ್ಲ. ಸೊಂಟ, ಹೆಗಲು ಎರಡನ್ನೂ ಹಿಡಿಯುವ ಮೂರು ಬಿಂದುವಿನ ಬೆಲ್ಟ್ ಹಾಕಿಸುವಾಗ ಪ್ರತಿ ಬಿಂದುವಿನ ಹಿಂದೆಯೂ 3 ಮಿ.ಮೀ. ಉಕ್ಕಿನ ತಗಡು ಇರಲಿ, ಬೆಲ್ಟಿನ ಜೊತೆಗೇ ಬರುವ ಬೋಲ್ಟನ್ನು ಬಳಸಿ. ಬೆಲ್ಟ್ ಕುತ್ತಿಗೆಗೆ ಉಜ್ಜದೆ ಹೆಗಲ ನಡುವೆ ಹಾಯಬೇಕು. ಉಜ್ಜುತ್ತಿದ್ದರೆ ಸೀಟು ಇನ್ನೂ ತಗ್ಗಿದೆ ಎಂದರ್ಥ. ಕ್ಲಿಪ್ ಹಾಕಿ ಬೆಲ್ಟ್ ಸಡಿಲ ಮಾಡಿಕೊಳ್ಳಬೇಡಿ.

ಕಾನೂನು

ಮೋಟಾರು ವಾಹನ ಕಾಯ್ದೆ 1988ರ ಕಲಂ 52ರ ಪ್ರಕಾರ ನೋಂದಣಿ ಪತ್ರದಲ್ಲಿರುವ ವಿವರ ಬದಲಾಗುವಂಥ ಮಾರ್ಪಾಡು ಮಾಡುವಂತಿಲ್ಲ. ಕುಶನ್, ಬಿಚ್ಚಬಹುದಾದ ಬ್ಲಾಕ್ ಇಂಥವು ಆ ವಿವರಗಳನ್ನು ಮುಟ್ಟುವುದಿಲ್ಲ. ಆದರೂ ತುಮಕೂರಿನ ಕೆಎ-06 ಆಗಲಿ, ಕೋಲಾರದ ಕೆಎ-07, ಚಿಕ್ಕಬಳ್ಳಾಪುರದ ಕೆಎ-40 ಆಗಲಿ, 15 ವರ್ಷ ಮೀರಿದ ಗಾಡಿಯ ನೋಂದಣಿ ನವೀಕರಣಕ್ಕೆ ಹೋಗುವ ಮುಂಚೆ ಆರ್‌ಟಿಒ ಇನ್‌ಸ್ಪೆಕ್ಟರಿಗೆ ತೋರಿಸಿ ಕೇಳಿಕೊಳ್ಳಿ. 50 ವರ್ಷ ದಾಟಿದ ಗಾಡಿಗೆ 2021ರ ನಿಯಮದಡಿ ವಿಂಟೇಜ್ ನೋಂದಣಿ ಬೇಕೆನ್ನುವವರು ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಉಳಿಸಿಕೊಂಡಿರಬೇಕು. ಸೀಟಿಗಾಗಿ ನೆಲ ಕೊರೆಯಬೇಡಿ ಎಂದು ಮೇಲೆ ಹೇಳಿದ್ದಕ್ಕೆ ಇದೂ ಒಂದು ಕಾರಣ. ವಿಮೆಯವರಿಗೆ ಒಂದು ಪತ್ರ ಬರೆದು ತಿಳಿಸಿಡಿ.

ಪರೀಕ್ಷೆ

ಮೊದಲು ನಿಂತಲ್ಲೇ. ಎಂಜಿನ್ ಆರಿಸಿ ಆಕ್ಸಲರೇಟರ್ ಪೂರ್ತಿ ಒತ್ತಿ ಬಿಡಿ, ಟಕ್ ಎಂದು ವಾಪಸ್ ಬರಬೇಕು. ಹತ್ತು ಸಲ ಮಾಡಿ. ಎಂಜಿನ್ ಸ್ಟಾರ್ಟ್ ಮಾಡಿ, ಐಡ್ಲಿಂಗ್‌ನಲ್ಲಿ ಕ್ಲಚ್ ಪೂರ್ತಿ ಒತ್ತಿ ನಾಲ್ಕು ಎಣಿಸಿ ರಿವರ್ಸ್ ಹಾಕಿ. ಕರ್ರ್ ಎಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಬ್ಲಾಕ್ ನೆಲಕ್ಕೋ ಹಲಗೆಗೋ ತಾಗುತ್ತಿದೆ, ಅಥವಾ ಕಾಲು ಇನ್ನೂ ಸಾಲುತ್ತಿಲ್ಲ.

ಆಮೇಲೆ ಬೆಳಗಿನ ಜಾವ ಖಾಲಿ ಮೈದಾನದಲ್ಲಿ 30 ಕಿ.ಮೀ. ವೇಗದಿಂದ ಜೋರಾಗಿ ಬ್ರೇಕ್. ಸೊಂಟ ಜಾರಬಾರದು, ಬೆನ್ನು ಕುಶನ್ ಮೇಲೇಳಬಾರದು, ಸೀಟು ಕಟಕ್ ಎನ್ನಬಾರದು. ಐದು ಸಲ ಆದ ಮೇಲೆ ಬೋಲ್ಟುಗಳನ್ನು ಮುಟ್ಟಿ ನೋಡಿ.

ಹೆದ್ದಾರಿಗೆ ಅವಸರ ಬೇಡ. ಇಳಿಜಾರು, ತಿರುವಿನ ಅಭ್ಯಾಸಕ್ಕೆ ತುಮಕೂರಿನವರಿಗೆ ದೇವರಾಯನದುರ್ಗದ ರಸ್ತೆ ಇದೆ. ಜನವಿಲ್ಲದ ವಾರದ ದಿನ ನೋಡಿಕೊಂಡು, ಪಕ್ಕದಲ್ಲಿ ಓಡಿಸಿ ಬಲ್ಲವರನ್ನು ಕೂರಿಸಿಕೊಂಡು, ಕೆಳಗಿನ ಭೋಗ ನರಸಿಂಹ ದೇವಸ್ಥಾನದಿಂದ ಮೇಲಿನ ಯೋಗ ನರಸಿಂಹನ ಕಡೆ ಹತ್ತಿ. ಏರಿನಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿ, ಕ್ಲಚ್ ಬಿಡುತ್ತಾ ಹಿಂದೆ ಸರಿಯದೆ ಹೊರಡಲು ಬಂದರೆ ಸೀಟು, ಪೆಡಲ್ ಎರಡೂ ಸರಿಕೂತಿವೆ. ಇಳಿಯುವಾಗ ಎರಡನೇ ಗೇರಿನಲ್ಲೇ ಇಳಿಯಿರಿ. ಬಲಗಾಲು ಬ್ರೇಕ್ ಮೇಲೆ ದಣಿಯುತ್ತಿದ್ದರೆ ಹಿಮ್ಮಡಿ ಹಲಗೆ ಇನ್ನೂ ಅರ್ಧ ಇಂಚು ಎತ್ತರವಾಗಬೇಕು.

ಎಲ್ಲ ಬೋಲ್ಟಿನ ತಲೆಯಿಂದ ಪಕ್ಕದ ತಗಡಿಗೆ ಒಂದೊಂದು ಗೆರೆ ಬಿಳಿ ಪೇಂಟ್ ಎಳೆದಿಡಿ. 100 ಕಿ.ಮೀ.ಗೆ ಒಮ್ಮೆ, 500ಕ್ಕೆ ಒಮ್ಮೆ, ಆಮೇಲೆ ಪ್ರತಿ ಗ್ರೀಸಿಂಗ್ ದಿನ ಟಾರ್ಚ್ ಬಿಟ್ಟು ನೋಡಿ. ಗೆರೆ ಮುರಿದಿದ್ದರೆ ಬೋಲ್ಟು ತಿರುಗಿದೆ. ಅದನ್ನು ಬರೀ ಬಿಗಿಯಬೇಡಿ, ನೈಲಾಕ್ ನಟ್ಟು ಹೊಸದು ಹಾಕಿ.